ಗರಗಸದ ಕೆಳಹಿಡಿ

ಆ ವರ್ಷಗಳ ನನ್ನ ನೆನಪುಗಳಲ್ಲಿ ಜನರ ಮುಖ ಕಡಿಮೆ, ಅಂಗಾಲು ಹೆಚ್ಚು. ನಾನು ಗರಗಸದ ಕೆಳಗೆ ನಿಲ್ಲುವವನಾಗಿದ್ದೆ. ಮರದ ದಿಮ್ಮಿಯನ್ನು ಎರಡೂ ತುದಿಗೆ ಕತ್ತರಿಗಾಲು ಕೊಟ್ಟು ಆಳೆತ್ತರಕ್ಕೆ ಏರಿಸಿರುತ್ತಿದ್ದೆವು. ಅದರ ಮೇಲೆ ಬರಿಗಾಲಲ್ಲಿ ನಿಂತು ಮೇಲ್ಹಿಡಿ ಹಿಡಿಯುವವನು ನನ್ನ ಅಕ್ಕನ ಗಂಡ. ಅಡಿಯಲ್ಲಿ ತಲೆಗೆ ಬಟ್ಟೆ ಸುತ್ತಿ, ಕಣ್ಣು ಅರ್ಧ ಮುಚ್ಚಿ, ಕೆಳಹಿಡಿ ಜಗ್ಗುವವನು ನಾನು. ಗರಗಸ ಇಳಿದಾಗಲೆಲ್ಲ ಒಂದು ಹಿಡಿ ಹೊಟ್ಟು ಮುಖಕ್ಕೆ ಬೀಳುತ್ತಿತ್ತು. ಆದ್ದರಿಂದ ಮುಂದೆ ಎಲ್ಲಾದರೂ ನಾನು ಆಕಾಶ ಹೇಗಿತ್ತು, ಮೋಡ ಯಾವ ಬಣ್ಣದ್ದಿತ್ತು ಎಂದು ಬರೆದರೆ ನಂಬಬೇಡಿ. ಅದನ್ನು ಆಮೇಲೆ ಸೇರಿಸಿದ್ದು ಎಂದುಕೊಳ್ಳಿ. ಹೊಟ್ಟಿನ ಬಗ್ಗೆ ಬರೆದದ್ದನ್ನು ನಂಬಬಹುದು. ಬೇವಿನ ಹೊಟ್ಟು ಕಹಿ, ಹೊಳೆಮತ್ತಿಯದು ಒಗರು. ಜಾಲಿಯದು ಕಣ್ಣಿಗೆ ಬಿದ್ದರೆ ಆ ಹೊತ್ತಿನ ಕೆಲಸ ಮುಗಿದಂತೆ.

ಕಾಡು ಎಂಬ ಮಾತು ನಮ್ಮ ಕಡೆಗೆ ಸ್ವಲ್ಪ ದೊಡ್ಡದೇ. ಮಕ್ತಲ್‌ನಿಂದ ತೆಂಕಣಕ್ಕೆ ಹೊರಟರೆ ಕೃಷ್ಣೆ ಸಿಗುವ ತನಕ ಜೋಳದ ಹೊಲ, ಕಲ್ಲುಗುಂಡು, ಮತ್ತೆ ಹೊಲ. ಹೊಳೆ ಹತ್ತಿರವಾದಂತೆ ಮರಗಳು ಮಾತಾಡಿಕೊಂಡವರ ಹಾಗೆ ಗುಂಪುಗೂಡುತ್ತಿದ್ದವು. ದಂಡೆಗುಂಟ ಹೊಂಗೆ, ಬೇವು, ಹುಣಸೆ. ನೀರಿಗೆ ಕಾಲು ಚಾಚಿದ ಹೊಳೆಮತ್ತಿ. ಆಚೆ ದಂಡೆ ಗದ್ವಾಲದ ಸೀಮೆ, ಅಲ್ಲಿಯೂ ಅವೇ ಮರಗಳು. ನಿಜಾಮರ ರಾಜ್ಯದಲ್ಲಿ ಇದಕ್ಕೆ ಜಂಗ್ಲಾತ್ ಎನ್ನುತ್ತಿದ್ದರು. ಅದಕ್ಕೊಬ್ಬ ಚೌಕಿದಾರನಿದ್ದ. ಕಡಿಯಬಹುದಾದ ಮರಕ್ಕೆ ಆತ ಸುತ್ತಿಗೆಯಿಂದ ಮುದ್ರೆ ಹೊಡೆಯುತ್ತಿದ್ದ. ಉಳಿದ ಹೊತ್ತು ಅದೇ ಮರದ ನೆರಳಲ್ಲಿ ಮಲಗುತ್ತಿದ್ದ. ಚೌಕಿದಾರ ಇದ್ದಾನೆಂದ ಮೇಲೆ ಕಾಡು ಇರಲೇಬೇಕು ಎಂದು ನಾವೂ ಒಪ್ಪಿಕೊಂಡಿದ್ದೆವು.

ಅಲ್ಲಿ ಕೊಯ್ದ ಕಟ್ಟಿಗೆ ಎಲ್ಲೆಲ್ಲಿಗೋ ಹೋಗುತ್ತಿತ್ತು. ನಾರಾಯಣಪೇಟೆಯ ಮಗ್ಗಗಳಿಗೆ, ಗದ್ವಾಲದ ಮಗ್ಗಗಳಿಗೆ, ಗಾಣಕ್ಕೆ, ಚಕ್ಕಡಿಗೆ, ಬಾಗಿಲುಚೌಕಟ್ಟಿಗೆ. ನೇಯುವವರಿಗೆ ಗಂಟಿಲ್ಲದ ತೊಲೆ ಬೇಕು. ಗಾಣದವರಿಗೆ ಗಂಟು ಹೆಚ್ಚಿದ್ದಷ್ಟೂ ಸಂತೋಷ. ನಮ್ಮ ಸಾಮಾನು ಕಡಿಮೆ: ಮರ ಉರುಳಿಸಲು ಕೊಡಲಿ ಮತ್ತು ಹಗ್ಗ, ದಿಮ್ಮಿ ಎಳೆಯಲು ಜೋಡೆತ್ತು ಮತ್ತು ಸರಪಳಿ, ಕೊಯ್ತದ ಬಾಯಿ ಮುಚ್ಚಿಕೊಳ್ಳದಂತೆ ಬಡಿಯಲು ಜಾಲಿಯ ಬೆಣೆ, ಗೆರೆ ಹೊಡೆಯಲು ಕೆಮ್ಮಣ್ಣಿನ ನೀರಲ್ಲಿ ಅದ್ದಿದ ನೂಲು, ಗರಗಸಕ್ಕೆ ಸವರಲು ಔಡಲೆಣ್ಣೆಯ ಬಟ್ಟೆ. ಆಮೇಲೆ ಗರಗಸ. ಅದು ಆಳಿಗಿಂತ ಉದ್ದ. ದಿನಾ ಮುಂಜಾನೆ ಅದಕ್ಕೆ ಬೀರಪ್ಪ ದೇವರ ಭಂಡಾರದ ಅರಿಸಿನ ಹಚ್ಚಿ ಕೈಮುಗಿಯದೆ ಮುಟ್ಟುತ್ತಿರಲಿಲ್ಲ. ಹಲ್ಲುಗಳ ಮೊನೆ ಕೆಳಮುಖ. ಅಂದರೆ ಕೆಳಗಿನವನು ಜಗ್ಗಿದಾಗ ಮರ ಕೊಯ್ಯುತ್ತದೆ, ಮೇಲಿನವನು ಎತ್ತಿದಾಗ ಗರಗಸ ಬರಿದೇ ಮೇಲೇರುತ್ತದೆ. ಕೊಯ್ಯುವವನು ಕೆಳಗಿನವನು; ಗೆರೆ ತಪ್ಪದಂತೆ ನೋಡಿಕೊಳ್ಳುವವನು ಮೇಲಿನವನು; ಮೇಸ್ತ್ರಿ ಎಂಬ ಹೆಸರೂ ಮೇಲಿನವನಿಗೇ. ಇದು ಗರಗಸದಷ್ಟೇ ಹಳೆಯ ಜಗಳ.

ಗರಗಸ ಯಾರು ಯಾರು ಹಿಡಿಯಬೇಕು ಎಂಬುದಕ್ಕೂ ಕಟ್ಟಳೆ ಇತ್ತು. ಅಣ್ಣತಮ್ಮಂದಿರು ಹಿಡಿಯಬಾರದು, ಮನೆ ಸೀಳುತ್ತದೆ ಎನ್ನುತ್ತಿದ್ದರು. ಅಪ್ಪ ಮಗ ಹಿಡಿಯಬಾರದು. ಮೇಲಿದ್ದ ಅಪ್ಪ ಬೈದರೆ ಕೆಳಗಿದ್ದ ಮಗ ತಿರುಗಿ ಮಾತಾಡುವಂತಿಲ್ಲ; ಮಾತು ಕಟ್ಟಿದರೆ ಕೈ ಕಟ್ಟುತ್ತದೆ, ಕೈ ಕಟ್ಟಿದರೆ ಗರಗಸ ಒದೆಯುತ್ತದೆ. ಹಿಡಿಯಬೇಕಾದವರು ಭಾವ ಮೈದುನರು. ಮೇಲೆ ಅಕ್ಕನ ಗಂಡ, ಕೆಳಗೆ ಹೆಂಡತಿಯ ತಮ್ಮ. ಅವರಿಬ್ಬರ ನಡುವೆ ಚಾಷ್ಟಿಗೆ, ಅಂದರೆ ಕೀಟಲೆ ಮಾತಿಗೆ, ಮಿತಿಯಿಲ್ಲ; ದಿನವಿಡೀ ಒಬ್ಬರನ್ನೊಬ್ಬರು ಹೀಗಳೆದು ಸಂಜೆ ಒಂದೇ ಗಂಗಾಳದಲ್ಲಿ ಉಣ್ಣಬಹುದು. ಗರಗಸ ಏರುವಾಗ ಮೇಲಿನವನ ಮಾತು, ಇಳಿಯುವಾಗ ಕೆಳಗಿನವನ ಮಾತು. ಮಾತಿನ ತಾಳ ತಪ್ಪಿದರೆ ಕೊಯ್ತವೂ ತಪ್ಪುತ್ತಿತ್ತು.

"ನಿಮ್ಮಪ್ಪ ನಿನಗ ಅನ್ನ ಹಾಕ್ಯಾನೋ ಬರೇ ಗಂಜಿ ಕುಡಿಸ್ಯಾನೋ?"

"ಅನ್ನ ಎಲ್ಲಾ ಅಳಿಯಗ ಹಾಕ್ಯಾನ. ಹೊಟ್ಟಿ ನೋಡ್ಕೋ, ಗೆರಿ ಕಾಣವಲ್ದು ನಿನಗ."

"ನಿಮ್ಮಕ್ಕನ ಕೈ ರೊಟ್ಟಿ ಉಂಡು ಹೊಟ್ಟಿ ಬರತೈತೇನೋ? ಅವು ರೊಟ್ಟಿ ಅಲ್ಲ, ಹಲಗಿ."

"ಹಲಗಿ ಆದ್ರ ನಾವs ಕೊಯ್ದಿದ್ದು. ಸುಮ್ಮನ ತಿನ್ನು."

ಹೀಗೆ ಒಂದು ಹಲಗೆ ಬಿಡಿಸುವಷ್ಟರಲ್ಲಿ ನಮ್ಮ ಇಡೀ ಮನೆತನದ ಮಾನ ಹೊಟ್ಟಿನ ಜೊತೆ ನೆಲಕ್ಕೆ ಬಿದ್ದಿರುತ್ತಿತ್ತು.

ನನಗೆ ಮೇಲೆ ಹತ್ತಬೇಕಾಗಿತ್ತು. ಮೀಸೆ ಬಲಿತಿತ್ತು, ತೋಳು ಭಾವನ ತೋಳಿಗಿಂತ ದಪ್ಪವಾಗಿತ್ತು, ಇನ್ನೂ ಕೆಳಗೇ ಇದ್ದೆ. ಮೇಲೆ ಹತ್ತಲು ಇದ್ದದ್ದು ಒಂದೇ ದಾರಿ: ತಮ್ಮನಿರುವ ಹುಡುಗಿಯನ್ನು ಮದುವೆಯಾಗಬೇಕು. ಆಗ ಆ ತಮ್ಮ ನನ್ನ ಕೆಳಗೆ ನಿಲ್ಲುತ್ತಾನೆ, ನಾನು ಅವನ ಭಾವನಾಗುತ್ತೇನೆ. ಆದ್ದರಿಂದ ನಮ್ಮವರಲ್ಲಿ ಹೆಣ್ಣು ಕೇಳಲು ಹೋದವರು ಹುಡುಗಿಯ ಮೂಗು ಕಣ್ಣಿಗಿಂತ ಮೊದಲು ಆಕೆಯ ತಮ್ಮನ ತೋಳು ನೋಡುತ್ತಿದ್ದರು. ಅಕ್ಕನಿಗೆ ನನ್ನ ಆಸೆ ಗೊತ್ತಿತ್ತು. ಉಟ್ಕೂರಿನ ಕಡೆ ಎರಡು ಮನೆ ನೋಡಿ ಇಟ್ಟಿದ್ದಳು, ಎರಡರಲ್ಲೂ ಒಳ್ಳೆ ಗಟ್ಟಿಮುಟ್ಟಾದ ತಮ್ಮಂದಿರು. ಭಾವನಿಗೂ ಗೊತ್ತಿತ್ತು. ನಾನು ಮೇಲೆ ಹತ್ತಿದರೆ ಆತನ ಕೆಳಗೆ ನಿಲ್ಲುವವರಿಲ್ಲ. ಹಾಗಾಗಿ ಎರಡೂ ಮನೆಗಳಲ್ಲಿ ಆತನಿಗೆ ಏನಾದರೊಂದು ಕೊರತೆ ಕಾಣುತ್ತಿತ್ತು. ಒಂದು ಮನೆಯ ನಾಯಿ ಸರಿಯಿಲ್ಲ ಎಂದು ಒಮ್ಮೆ ಹೇಳಿದ್ದ.

ಆ ಬೇಸಿಗೆ ನಮಗೆ ದೋಣಿಯ ಕೆಲಸ ಬಂತು. ಜನ ಹರಿಗೋಲಲ್ಲಿ ದಾಟುತ್ತಾರೆ. ಎತ್ತು ಚಕ್ಕಡಿ ದಾಟಿಸಲು ಹಲಗೆಯ ದೋಣಿಯೇ ಬೇಕು. ಕಡವಿನ ಹಳೆಯ ದೋಣಿ ಕೊಳೆತಿತ್ತು. ಮಿರಗದ ಮಳೆ ಬಿದ್ದು ಹೊಳೆ ಬರುವ ಮೊದಲು ಹೊಸದಕ್ಕೆ ಹಲಗೆ ಆಗಬೇಕಿತ್ತು. ಈಚೆ ದಂಡೆಗೆ ನಮ್ಮ ಜೋಡಿ, ಆಚೆ ದಂಡೆಗೆ ಗದ್ವಾಲದ ಕಡೆಯ ಇನ್ನೊಂದು ಜೋಡಿ ಎಂದು ದೋಣಿ ಕಟ್ಟುವ ಬಡಿಗ ಹೇಳಿದ್ದ. ಆಚೆಯ ಜೋಡಿಯನ್ನು ನಾವು ನೋಡಿರಲಿಲ್ಲ. ಅವರ ಹಲಗೆಯ ದಪ್ಪ ನಮ್ಮದಕ್ಕೆ ಕೂಡಬೇಕಲ್ಲ, ನೋಡಿಕೊಂಡು ಬರೋಣ ಎಂದು ಭಾವ ಒಂದು ದಿನ ಹೊರಟ. ಹೊಳೆಯಲ್ಲಿ ನೀರು ಮೊಳಕಾಲಿಗೆ. ದಾಟಿದೆವು.

ಆಚೆ ದಂಡೆಯ ಮತ್ತಿಮರಗಳ ನಡುವೆ ಗರಗಸದ ಸಪ್ಪಳ ಕೇಳಿಸಿತು. ಭಾವ ನಿಂತ.

"ಕೇಳ್ದೇನು?"

"ಗರಗಸ ನಡದೈತಿ."

"ಗರಗಸ ಅಲ್ಲೋ. ಮಾತು ಕೇಳಿಸತೈತೇನು?"

ಕೇಳಿಸುತ್ತಿರಲಿಲ್ಲ. ಬರೀ ಹೋಗುವ ಬರುವ ಸಪ್ಪಳ. ಅಷ್ಟು ಹದವಾದ ಸಪ್ಪಳ, ನಡುವೆ ಒಂದು ಬೈಗುಳವಿಲ್ಲ, ಒಂದು ನಗೆಯಿಲ್ಲ. ಮೈಮೇಲೆ ಹುಳ ಹರಿದಂತಾಯಿತು.

"ಜಗಳಾಡ್ಯಾರ," ಎಂದ ಭಾವ. "ಭಾಳ ದೊಡ್ಡ ಜಗಳಾನ ಆಗಿರಬೇಕು."

ಮಾತಿಲ್ಲದ ಗರಗಸ ಕಂಡರೆ ದಾರಿಹೋಕ ಗರಗಸದವರು ಸುಮ್ಮನೆ ಹೋಗುವಂತಿರಲಿಲ್ಲ. ಒಂದು ಚಾಷ್ಟಿಯ ಮಾತು ಎಸೆದು ಅವರ ಬಾಯಿ ಬಿಡಿಸಿಯೇ ಮುಂದೆ ಹೋಗಬೇಕು. ಇಲ್ಲದಿದ್ದರೆ ಮುಂದೆ ಯಾರದಾದರೂ ಬೆರಳು ಹೋದರೆ ಪಾಪ ನಮಗೂ ಸುತ್ತಿಕೊಳ್ಳುತ್ತದೆ. ಪೊದೆಯ ಮರೆಯಿಂದ ನೋಡಿದೆವು. ಕೆಳಗೆ ನಿಂತವನು ನೆರೆತ ಮೀಸೆಯ ಮುದುಕ. ಮೇಲೆ, ನಮಗೆ ಬೆನ್ನು ಹಾಕಿ, ತಲೆಗೆ ರುಮಾಲು ಸುತ್ತಿ, ಕಚ್ಚೆ ಬಿಗಿದು ನಿಂತದ್ದು ಒಂದು ಸಣ್ಣ ಆಳು.

"ಇದು ಹೆಂಗಾತು?" ಭಾವ ಪಿಸುಗುಟ್ಟಿದ. "ಮ್ಯಾಲಿದ್ದಂವ ಭಾವ ಆಗಬೇಕು. ಕೆಳಗಿನ ಮುದುಕ ಅವನ ಹೇಂತಿ ತಮ್ಮ ಆಗಬೇಕು."

"ಹಂಗಾರ ಹೇಂತಿ ಈ ಮುದುಕಗಿಂತ ದೊಡ್ಡಾಕಿ."

ಇಬ್ಬರೂ ಆ ಹೆಂಡತಿಯನ್ನು ಕಣ್ಣ ಮುಂದೆ ತಂದುಕೊಂಡೆವು. ಹಲ್ಲಿಲ್ಲದ ಒಬ್ಬ ಅಜ್ಜಿ, ಬಾಸಿಂಗ ಕಟ್ಟಿಕೊಂಡು.

"ಪಾಪ," ಎಂದ ಭಾವ. "ಮಾತಾಡ್ಲಾರದs ಇರೋದು ಬರೋಬ್ಬರಿನ ಐತಿ."

ಈಗ ಅನ್ನಿಸುತ್ತದೆ, ಬೇರೆ ಯಾರು ಬಂದು ನೋಡಿದ್ದರೂ ಅಲ್ಲಿ ಒಬ್ಬ ಮುದುಕ, ಒಬ್ಬ ಹುಡುಗಿ ಕಾಣುತ್ತಿದ್ದರು. ನಮಗೆ ಮಾತ್ರ ಗರಗಸ ಕಂಡರೆ ಅದರ ಎರಡು ತುದಿಗೂ ನೆಂಟಸ್ತಿಕೆ ಕಾಣುತ್ತಿತ್ತು. ಕಣ್ಣು ನೋಡಿದ್ದನ್ನು ಕಟ್ಟಳೆ ತಿದ್ದಿತು. ನನ್ನ ನೆನಪು ಈಗ ಮಾಡುತ್ತಿರುವುದೂ ಅದನ್ನೇ ಇರಬೇಕು.

ಭಾವ ಪೊದೆಯಿಂದ ಹೊರಬಂದು ಸೊಂಟದ ಮೇಲೆ ಕೈಯಿಟ್ಟು ಕೂಗಿದ.

"ಏನ್ ಭಾವಾ. ಮುದುಕನ್ನ ಕೆಳಗ ನಿಂದ್ರಿಸಿ ಮ್ಯಾಲ ಮದುಮಗನ್ಹಂಗ ನಿಂತೀಯಲ್ಲಾ. ಮೀಸಿ ಬಂದಾವೋ, ಇನ್ನಾ ಹಾಲುಗಲ್ಲಾನೋ?"

ಇಲ್ಲಿ ನನ್ನ ನೆನಪು ಒಂದು ಚಿತ್ರ ತೋರಿಸುತ್ತದೆ. ಆಕೆ ರುಮಾಲು ಬಿಚ್ಚುತ್ತಾಳೆ, ಜಡೆ ಬೆನ್ನ ಮೇಲೆ ಬೀಳುತ್ತದೆ, ಹಿಂದೆ ಸೂರ್ಯ. ಇದು ಸುಳ್ಳು. ಕೊಯ್ತದ ನಡುವೆ ಗರಗಸದವರು ಯಾರೂ ತಲೆಬಟ್ಟೆ ಬಿಚ್ಚುವುದಿಲ್ಲ, ಹೊಟ್ಟು ಕೂದಲಿಗೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಸೂರ್ಯ ನಮ್ಮ ಬೆನ್ನಿಗಿತ್ತು. ಆ ಜಡೆಯನ್ನು ಯಾವುದೋ ಬಯಲಾಟದಿಂದ ಎತ್ತಿ ತಂದಿದ್ದೇನೆ.

ಆಕೆ ಮಾಡಿದ್ದು ಇಷ್ಟು. ಹಿಡಿದ ಎಳೆತ ಮುಗಿಸಿದಳು. ಗರಗಸವನ್ನು ಕೊಯ್ತದಲ್ಲೇ ನಿಲ್ಲಿಸಿ ಔಡಲೆಣ್ಣೆಯ ಬಟ್ಟೆ ಸವರಿದಳು. ಆಮೇಲೆ ತಿರುಗಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಮ್ಮನ್ನು ನೋಡಿದಳು.

"ನಮ್ಮನ್ಯಾಗ ಮೀಸಿ ಕೆಳಗಿರತಾವ್ರಿ," ಎಂದಳು. "ಬೇಕಾದ್ರ ಬಗ್ಗಿ ನೋಡ್ರಿ."

ಕೆಳಗಿನ ಮುದುಕ ಕಣ್ಣು ಉಜ್ಜಿಕೊಳ್ಳುತ್ತ ಕೇಳಿದ. "ಯಾರವಾ ಅದು?"

"ಯಾರೋ ಇಬ್ರು ಬಂದಾರಪ್ಪಾ. ಎಮ್ಮಿ ಕಳಕೊಂಡಾರ ಅನಸ್ತೈತಿ, ಪೊದ್ಯಾಗಿಂದ ಎದ್ದು ಬಂದ್ರು."

ಭಾವ ಇದ್ದಲ್ಲೇ ಮರಳ ಮೇಲೆ ಕುಳಿತುಬಿಟ್ಟ. ಗುರುತಿಲ್ಲದ ಹೆಣ್ಣುಮಗಳಿಗೆ ಚಾಷ್ಟಿ ಮಾಡಿದ್ದ, ಅದೂ ಮೀಸೆಯ ಚಾಷ್ಟಿ. ಮುದುಕ ಕೆಳಹಿಡಿ ಬಿಟ್ಟು ಬಂದು ಸಂಗತಿ ಕೇಳಿ ಗುಳುಗುಳು ನಕ್ಕ. ಆತನ ಕಣ್ಣಿಗೆ ಪೊರೆ ಬರುತ್ತಿತ್ತು. ಗೆರೆ ಕಾಣದಾದಾಗ ಮೇಲಿನಿಂದ ಇಳಿದಿದ್ದ. ಕೆಳಗಿದ್ದ ಮೈದುನ ರಾಯಚೂರಿನ ಮಿಲ್ಲಿಗೆ ಕೆಲಸಕ್ಕೆ ಹೋಗಿದ್ದ. ಹಿರಿಮಗಳು ಮೇಲೆ ಹತ್ತಿದಳು. ಅಪ್ಪ ಮಗಳು ಚಾಷ್ಟಿ ಮಾಡುವಂತಿಲ್ಲವಲ್ಲ, ಅದಕ್ಕೇ ಆ ಮೌನ.

"ಚಾಷ್ಟಿ ಆಡಿದ ಮ್ಯಾಲ ಎರಡ ದಾರಿರೀ," ಎಂದ ಮುದುಕ. "ಬೀರಪ್ಪಗ ಟೆಂಗಿನಕಾಯಿ ಒಡೀಬೇಕು. ಇಲ್ಲಾಂದ್ರ ಬೀಗರಾಗಬೇಕು."

"ಈ ಬಿಸಲಾಗ ಟೆಂಗಿನಕಾಯಿ ಎಲ್ಲಿ ಸಿಗತಾವ್ರಿ," ಎಂದ ಭಾವ, ಇನ್ನೂ ತಲೆ ಎತ್ತದೆ.

"ಹಂಗಾರ ಎರಡ್ನೇದ್ದ ಆತು. ನನಗ ನಾಕು ಮಂದಿ ಹೆಣಮಕ್ಕಳು. ಗಂಡಮಗ ಒಬ್ಬನೂ ಇಲ್ಲ."

ಆಗ ಭಾವ ತಲೆ ಎತ್ತಿದ. ಆತನ ಮುಖವನ್ನು ಅಷ್ಟು ಬೆಳಕಲ್ಲಿ ನಾನು ಎಂದೂ ನೋಡಿರಲಿಲ್ಲ. ತಮ್ಮನಿಲ್ಲದ ಹುಡುಗಿ. ಆಕೆಯನ್ನು ನಾನು ಮದುವೆಯಾದರೆ ನನಗೆ ಮೈದುನನಿಲ್ಲ. ಮೈದುನನಿಲ್ಲದಿದ್ದರೆ ನಾನು ಆಯುಷ್ಯವಿಡೀ ಆತನ ಕೆಳಗೇ.

"ಭಾಳ ಚಂದ ಮನಿತನರೀ ನಿಮ್ಮದು," ಎಂದ. ಅವರ ಮನೆಯನ್ನು ಆತ ನೋಡಿಯೇ ಇರಲಿಲ್ಲ. ನಾಯಿಯ ವಿಷಯವನ್ನೂ ಕೇಳಲಿಲ್ಲ.

ನಾಲ್ವರೂ ಕೂತು ರೊಟ್ಟಿ ಬಿಚ್ಚಿದೆವು. ಅವರದು ಪುಂಡಿಪಲ್ಯ, ನಮ್ಮದು ಶೇಂಗಾ ಹಿಂಡಿ. ನಾನು ಆಕೆಯ ಕಡೆ ನೋಡಲಿಲ್ಲ ಎಂದು ಬರೆಯಬೇಕೆನ್ನಿಸುತ್ತದೆ. ನೋಡಿದೆ. ಆಕೆ ಕೊಯ್ದ ಹಲಗೆಯನ್ನು ನೋಡಿದೆ. ತುದಿಯಿಂದ ಬುಡದ ತನಕ ಒಂದೇ ದಪ್ಪ, ಸಮ ಮಾಡಲು ಬಾಚಿಯೇ ಬೇಕಿರಲಿಲ್ಲ. ಹೊಟ್ಟೆಯೊಳಗೆ ಎರಡು ಆಸೆಗಳು ಒಂದಕ್ಕೊಂದು ಬೆನ್ನು ಹಾಕಿ ಕೂತವು. ಈ ಹುಡುಗಿ ಬೇಕು. ದಿಮ್ಮಿಯ ಮೇಲೆ ಹತ್ತಬೇಕು. ಎರಡೂ ಒಟ್ಟಿಗೆ ಆಗುವಂತಿರಲಿಲ್ಲ.

ಮನೆಗೆ ಬಂದ ಮೇಲೆ ಅಕ್ಕ ಹಾರಾಡಿದಳು. "ತಮ್ಮ ಇಲ್ಲದ ಹುಡುಗಿ ತಂದು ನನ್ನ ತಮ್ಮಗ ಕಟ್ಟಾಕ ಬಂದೀರಿ. ನಿಮ್ಮ ಹುನ್ನಾರ ನನಗ ತಿಳಿವಲ್ದೇನು? ಇಂವ ಸಾಯೋತನಕ ನಿಮ್ಮ ಕಾಲಡಿ ಹೊಟ್ಟ ತಿನ್ನಬೇಕಾ?"

"ಋಣಾನುಬಂಧ," ಎಂದ ಭಾವ, ಕೈ ಮುಗಿದು. "ಮಾಡಾಂವ ಬೀರಪ್ಪ. ನಾ ಯಾರು?"

"ನೀವ್ಯಾರು ಅಂತ ಆಮ್ಯಾಲ ಹೇಳತೀನಿ. ಮದ್ಲ ಆ ಹುಡುಗೀನ ನೋಡ್ತೀನಿ."

ಹೆಣ್ಣು ನೋಡಲು ಹೋದೆವು. ಮಲ್ದಕಲ್ ಹತ್ತಿರದ ಊರು. ಮನೆಯ ಗೋಡೆಯ ಮೇಲೆ ಗರಗಸ ತೂಗುಹಾಕಿತ್ತು, ಮೈತುಂಬ ಭಂಡಾರ. ನಮ್ಮವರಲ್ಲಿ ವರ ಹುಡುಗಿಯನ್ನು ನೇರ ನೋಡಬಾರದು, ಮಾತಾಡಬಾರದು. ಆ ಮನೆಯ ಗರಗಸವನ್ನು ಮಾತ್ರ ಬೇಕಾದಷ್ಟು ಹೊತ್ತು ನೋಡಬಹುದು. ನಾನು ಎದ್ದು ಹೋಗಿ ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿದೆ. ನಮ್ಮ ಗರಗಸದ ಹಲ್ಲಿಗೆ ಹಾಗೆ ಆಡಿಸಿದರೆ ಏನೂ ಆಗುತ್ತಿರಲಿಲ್ಲ. ಇಲ್ಲಿ ರಕ್ತ ಬಂತು.

"ಹಲ್ಲಿಗೆ ಅರ ತಿಕ್ಕಿದವರು ಯಾರ್ರಿ?" ಎಂದು ಕೇಳಿಬಿಟ್ಟೆ. ಮಾತಾಡಬಾರದೆಂಬುದು ಮರೆತೇ ಹೋಯಿತು.

"ನಾನs," ಎಂದಳು ಆಕೆ. ಮಾತಾಡಬಾರದೆಂಬುದು ಆಕೆಗೂ ಮರೆತಿತ್ತು. ಆಕೆಯ ಸಣ್ಣ ತಂಗಿ ಅರಿಸಿನ ತಂದು ನನ್ನ ಬೆರಳಿಗೆ ಒತ್ತಿ ಓಡಿಹೋದಳು.

ಅಕ್ಕ ಗಂಟಲು ಸರಿಮಾಡಿಕೊಂಡಳು. "ನಿನಗ ತಮ್ಮಂದ್ರಿಲ್ಲಂತ?"

"ಇಲ್ರಿ. ತಂಗ್ಯಾರ ಮೂರ್ ಮಂದಿ."

"ಹಂಗಾರ ಲಗ್ನ ಆದಮ್ಯಾಲ ನನ್ನ ತಮ್ಮನ ಗರಗಸಕ್ಕ ಕೆಳಗ ನಿಂದ್ರೋರು ಯಾರವಾ?"

ಭಾವ ನಡುವೆ ಬಾಯಿ ಹಾಕಿದ. "ಅದಕ್ಯಾಕ ಚಿಂತಿ? ಇಂವ ನನ್ನ ಕೂಡ ಇರ್ತಾನ. ಹುಡುಗಿ ಮನ್ಯಾಗ ಆರಾಮ ರೊಟ್ಟಿ ಬಡಕೊಂತ..."

"ನಾ ಗರಗಸ ಬಿಡಾಂಗಿಲ್ರಿ," ಎಂದಳು ಆಕೆ. ದನಿ ಏರಿಸಲಿಲ್ಲ. "ರೊಟ್ಟಿ ಬಡೀತೀನಿ, ಬಡದು ಗರಗಸಕ್ಕ ಹೋಗತೀನಿ. ಅವರ್ನ ಮ್ಯಾಲ ಹತ್ತಿಸ್ರಿ. ನಾ ಇಳೀತೀನಿ. ಕೆಳಗ ನಾನs ನಿಂದ್ರತೀನಿ."

ಮುದುಕ ಪೊರೆ ಬಂದ ಕಣ್ಣನ್ನು ಮಗಳ ಕಡೆ ತಿರುಗಿಸಿದ. ಮೇಲಿನಿಂದ ಇಳಿಯುವುದೆಂದರೇನು ಎಂಬುದು ಆ ಕೋಣೆಯಲ್ಲಿ ಆತನಿಗೊಬ್ಬನಿಗೇ ಗೊತ್ತಿತ್ತು. ನನ್ನ ಆಸೆ ಕೈಗೆ ಸಿಕ್ಕಿತ್ತು, ಆದರೆ ಅದು ಇನ್ನೊಬ್ಬರ ಕೈಯಿಂದ ಬರುತ್ತಿತ್ತು. ಹೆಬ್ಬೆರಳು ಚುರುಚುರು ಎನ್ನುತ್ತಿತ್ತು.

"ಗಂಡ ಹೇಂತಿ ಗರಗಸ ಹಿಡೀಬಾರದು," ಎಂದ ಭಾವ, ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ.

"ಯಾರ್ ಹೇಳ್ಯಾರ?" ಅಕ್ಕ ಕೇಳಿದಳು.

ಭಾವ ಬೆರಳು ಮಡಿಚುತ್ತ ಎಣಿಸಿದ. ಅಣ್ಣತಮ್ಮಂದಿರಿಗೆ ಬೇಡವೆಂದು ಹೇಳಿತ್ತು, ಅಪ್ಪ ಮಗನಿಗೆ ಬೇಡವೆಂದು ಹೇಳಿತ್ತು. ಗಂಡ ಹೆಂಡತಿಯ ಬಗ್ಗೆ ಹಿರಿಯರು ಏನೂ ಹೇಳಿರಲಿಲ್ಲ. ಅಂಥದ್ದು ಅವರ ತಲೆಗೇ ಬಂದಿರಲಿಲ್ಲ.

"ಯಾರೂ ಹೇಳಿಲ್ಲ," ಎಂದು ಒಪ್ಪಿಕೊಂಡ.

"ಹಂಗಾರ ಸಕ್ಕರಿ ತರ್ರಿ," ಎಂದಳು ಅಕ್ಕ.

ಮದುವೆ ಆಯಿತು. ಅದರ ಬಗ್ಗೆ ನನಗೆ ನೆನಪಿರುವುದು ಕಡಿಮೆ, ಇರುವುದರಲ್ಲಿ ಅರ್ಧ ಬೇರೆಯವರ ಮದುವೆಯದು. ಮೋಡ ಕಟ್ಟುತ್ತಿತ್ತು, ದೋಣಿಗೆ ಇನ್ನೂ ಹಲಗೆ ಬೇಕಿತ್ತು. ಆದ್ದರಿಂದ ಅರಿಸಿನ ಆರುವ ಮೊದಲೇ ಎಲ್ಲರೂ ಗದ್ವಾಲದ ದಂಡೆಗೆ ಬಂದೆವು.

ಕೆಳಗಿನವನಿಲ್ಲದ ಭಾವ, ಮೇಲಿನವಳಿಲ್ಲದ ಮುದುಕ: ಆ ಇಬ್ಬರೂ ಜೋಡಿಯಾದರು. ಈಗ ಅವರು ಬೀಗರು, ಬೀಗರ ಚಾಷ್ಟಿಗೂ ಮಿತಿಯಿಲ್ಲ. ಇಷ್ಟು ವರ್ಷ ಮಗಳ ಕೆಳಗೆ ಬಾಯಿ ಮುಚ್ಚಿಕೊಂಡು ನಿಂತಿದ್ದ ಮುದುಕನ ಮಾತಿನ ಕಟ್ಟೆ ಒಡೆಯಿತು.

"ಬೀಗರೇ, ಮ್ಯಾಲ ನಿಂತು ನಿದ್ದಿ ಮಾಡತೀರೇನ್ರಿ? ಗರಗಸ ಬರೇ ನಾನs ಜಗ್ಗಾಕ ಹತ್ತೇನಿ."

"ಇದು ಗರಗಸರೀ, ಸೇಂದಿ ಕೊಡ ಅಲ್ಲ. ಸಾವಕಾಶ ಜಗ್ಗರಿ."

"ನಾ ಕುರುಡಾಗೇನಿ, ನೀವ್ಯಾಕ ಕುರುಡರ್ಹಂಗ ಕೊಯ್ಯಾಕ ಹತ್ತೀರಿ?"

ಮರದ ಕೆಳಗೆ ಮಲಗಿದ್ದ ಆ ದಂಡೆಯ ಚೌಕಿದಾರ ಎದ್ದು ಬೇರೆ ಮರಕ್ಕೆ ಹೋದ.

ಅವರ ಪಕ್ಕದಲ್ಲೇ ನಮ್ಮ ದಿಮ್ಮಿ. ಹೊಳೆಮತ್ತಿಯದು, ಒಳ್ಳೆ ಉದ್ದದ್ದು. ನೂಲು ಹೊಡೆದು ಗೆರೆ ಮೂಡಿಸಿದೆವು. ಆಕೆ ಸೆರಗು ಬಿಗಿದು, ತಲೆಗೆ ಬಟ್ಟೆ ಸುತ್ತಿ ಕೆಳಗೆ ಹೋಗಿ ನಿಂತಳು. ನಾನು ಮೇಲೆ ಹತ್ತಿದೆ.

ಮೇಲೆ ಹತ್ತಿದರೆ ಹೊಳೆ ಕಾಣುತ್ತದೆ, ಎರಡೂ ದಂಡೆ ಕಾಣುತ್ತವೆ, ದೂರದ ಗುಡಿಯ ಗೋಪುರ ಕಾಣುತ್ತದೆ ಎಂದುಕೊಂಡಿದ್ದೆ. ಅದೆಲ್ಲ ಇತ್ತು. ಆದರೆ ನೋಡಲು ಬಿಡುವು ಎಲ್ಲಿ? ಕಾಲಡಿಯ ದಿಮ್ಮಿ ದುಂಡಗೆ, ಮೊಳಕಾಲು ನಡುಗುತ್ತಿತ್ತು. ಗರಗಸ ಎತ್ತಿದರೆ ಹೆಗಲು ಕಳಚುವಷ್ಟು ಭಾರ. ಭಾವ ಬರೀ ನಿಂತಿರುತ್ತಾನೆ ಎಂದು ಬೈದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. ಕಾಣುತ್ತಿದ್ದದ್ದು ಒಂದೇ, ಕೆಂಪು ಗೆರೆ. ಅದನ್ನೇ ನೋಡುತ್ತ ನೋಡುತ್ತ ಅದು ಎರಡಾಯಿತು. ನಾನು ಎರಡರ ನಡುವಿನ ಗೆರೆ ಹಿಡಿದು ಹೋದೆ.

ಗರಗಸ ನಿಂತಿತು. ಕೆಳಗಿನಿಂದ ಜಗ್ಗುವುದು ನಿಂತಿತ್ತು.

"ಏನ್ರೀ," ಎಂದಳು ಆಕೆ. "ಗೆರಿ ಬಿಟ್ಟು ಎಲ್ಲಿಗ್ಹೊಂಟ್ರಿ? ನಾರಾಯಣಪೇಟಿಗೇನು?"

ಪಕ್ಕದ ದಿಮ್ಮಿಯ ಮೇಲಿಂದ ಭಾವ ಕತ್ತು ಚಾಚಿ ನೋಡಿದ. ನೋಡಿ, ಕೂತುಕೊಂಡು, ತೊಡೆ ತಟ್ಟಿ ತಟ್ಟಿ ನಕ್ಕ. "ನಾರಾಯಣಪೇಟಿ ಅಲ್ಲವ್ವಾ, ಇಂವ ಹೈದರಾಬಾದಿಗೇ ಹೊಂಟಾನ."

"ಮ್ಯಾಲ ಬಾ," ಎಂದೆ ಆಕೆಗೆ. "ಬಂದು ನೋಡು."

ಆಕೆ ಕತ್ತರಿಗಾಲು ಹಿಡಿದು ಹತ್ತಿ ಬಂದಳು. ಇಬ್ಬರೂ ಒಂದೇ ದಿಮ್ಮಿಯ ಮೇಲೆ ನಿಂತೆವು, ಗರಗಸ ಕೊಯ್ತದಲ್ಲಿ ತಾನೇ ತಾನಾಗಿ ತೂಗುತ್ತಿತ್ತು. ಆಕೆಯ ರೆಪ್ಪೆಯ ಮೇಲೆಲ್ಲ ಹೊಟ್ಟು. ಹಲ್ಲು ನೋಡಬಾರದು, ಹಲ್ಲಿನ ಮುಂದಿನ ಒಂದು ಗೇಣು ಗೆರೆ ನೋಡಬೇಕು ಎಂದು ತೋರಿಸಿದಳು. ಬೆಣೆ ಬಡಿದು ಬಾಯಿ ಅಗಲಿಸಿದೆವು. ಆಮೇಲೆ ಆಕೆ ಅಲ್ಲೇ ನಿಂತಳು. ಇಳಿಯುವ ಅವಸರ ತೋರಿಸಲಿಲ್ಲ. ಆಕೆಯ ಅಂಗಾಲು ದಿಮ್ಮಿಯನ್ನು ಹಿಡಿದಿದ್ದ ರೀತಿ ನೋಡಿದೆ. ನನ್ನದು ನಿಂತಿತ್ತು, ಆಕೆಯದು ಹಿಡಿದಿತ್ತು.

"ಇಬ್ರೂ ಮ್ಯಾಲ ಹತ್ತಿದ್ರ ಕೊಯ್ಯಾವ್ರು ಯಾರ್ರಿ?" ಎಂದು ಮುದುಕ ಕೂಗಿದ. ಕಣ್ಣು ಕಾಣದಿದ್ದರೂ ಅಷ್ಟು ಗೊತ್ತಾಗಿತ್ತು ಆತನಿಗೆ.

"ಈ ಹಲಗಿ ನಂದು," ಎಂದೆ ನಾನು. "ಮುಂದಿಂದು ನಿಂದು."

ಆಕೆ ನನ್ನ ಮುಖ ನೋಡಿದಳು, ಮಾತು ನಿಜವೋ ಚಾಷ್ಟಿಯೋ ಎಂದು. ಆಮೇಲೆ ಇಳಿದಳು. ಆ ಹಲಗೆ ನಡುವಿನಲ್ಲಿ ಬಸಿರಿಯ ಹೊಟ್ಟೆಯಂತೆ ಉಬ್ಬಿ ಹೊರಬಂತು. ಬಡಿಗ ಅದನ್ನು ನೋಡಿ ಯಾವ ದೇವರಿಗೋ ಕೈಮುಗಿದ. ಅದು ಇಂದಿಗೂ ನಮ್ಮ ಮನೆಯ ಬಾಗಿಲಾಗಿದೆ ಎಂದು ಬರೆದರೆ ಚೆಂದವಿತ್ತು. ಹಾಗೇನೂ ಇಲ್ಲ. ಅದು ಎಲ್ಲಿ ಹೋಯಿತೋ ನನಗೆ ತಿಳಿಯದು. ಮುಂದಿನ ಹಲಗೆಗೆ ಆಕೆ ಹತ್ತಿದಳು, ಅದರ ಮುಂದಿನದಕ್ಕೆ ನಾನು. ಹಾಗೇ ನಡೆಯಿತು, ಆ ಬೇಸಿಗೆ ಮತ್ತು ಆಮೇಲಿನ ಎಷ್ಟೋ ಬೇಸಿಗೆ. ಹಾದುಹೋಗುವ ಗರಗಸದವರು ನಿಂತು, ಇವತ್ತಿನ ಭಾವ ಯಾರ್ರಿ ಎಂದು ಕೇಳುತ್ತಿದ್ದರು. ಹೊಳೆ ಬರುವ ಹೊತ್ತಿಗೆ ದೋಣಿ ನೀರಿಗಿಳಿಯಿತು. ಸ್ವಲ್ಪ ಎಡಕ್ಕೆ ಎಳೆಯುತ್ತದೆ ಎಂದು ಅಂಬಿಗರು ಹೇಳುತ್ತಿದ್ದರಂತೆ. ಅದಕ್ಕೆ ನನ್ನ ಹಲಗೆಯೇ ಕಾರಣ ಎಂಬುದಕ್ಕೆ ಯಾವ ಸಾಕ್ಷಿಯೂ ಇಲ್ಲ.

ಇಷ್ಟು ಬರೆದು ಮನೆಯಾಕೆಗೆ ಓದಿ ಹೇಳಿದೆ. ಪುಂಡಿಸೊಪ್ಪು ಬಿಡಿಸುತ್ತ ಕೊನೆಯ ತನಕ ಕೇಳಿದಳು.

"ಎಲ್ಲಾ ಖರೇನ ಐತಿ," ಎಂದಳು. "ಒಂದ ಸುಳ್ಳು. ಮದ್ಲನೇ ದಿಮ್ಮಿಗಿ ನೀವು ಮ್ಯಾಲ ಹತ್ತಲೇ ಇಲ್ಲ."

"ಹತ್ತಿದ್ದೆ."

"ಅರ್ಧಕ್ಕ ಹತ್ತಿ, ಕಾಲು ನಡುಗತಾವ ಅಂತ ಇಳದ್ರಿ. ಆಮ್ಯಾಲ ನಾ ಹತ್ತಿದ್ನಿ. ನೀವು ಹತ್ತಿದ್ದು ಮಳಿ ಆದಮ್ಯಾಲ, ಬ್ಯಾರೆ ದಿಮ್ಮಿಗಿ."

"ಸೊಟ್ಟ ಹಲಗಿ?"

"ಅದು ಆವಾಗಿಂದು. ದೋಣಿಗಿ ಬಂದಿದ್ದೆಲ್ಲಾ ನಾ ಕೊಯ್ದಿದ್ದು, ಅದಕ್ಕ ತೇಲಿತ್ತು."

ನಾನು ಬಹಳ ಹೊತ್ತು ವಾದ ಮಾಡಿದೆ. ಕೆಂಪು ಗೆರೆ ಎರಡಾದದ್ದು, ಮೊಳಕಾಲು ನಡುಗಿದ್ದು, ಭಾವ ತೊಡೆ ತಟ್ಟಿದ್ದು, ಎಲ್ಲ ಹೇಳಿದೆ. ಆಕೆ ತಲೆಯಾಡಿಸಿ ಸೊಪ್ಪು ಬಿಡಿಸುತ್ತಲೇ ಇದ್ದಳು. ಕೇಳಬಹುದಾದವರು ಈಗ ಯಾರೂ ಉಳಿದಿಲ್ಲ. ಭಾವ ಇದ್ದಿದ್ದರೆ ಅವತ್ತು ಎರಡೂ ದಿಮ್ಮಿಯ ಮೇಲೆ ತಾನೇ ಇದ್ದೆ ಎನ್ನುತ್ತಿದ್ದ. ಮಾವ ಇದ್ದಿದ್ದರೆ, ನನಗ ಕಣ್ಣೆಲ್ಲಿ ಕಾಣತಿದ್ವು ಎನ್ನುತ್ತಿದ್ದ.

ಆಕೆ ಸೊಪ್ಪಿನ ಮೊರ ಎತ್ತಿಕೊಂಡು ಎದ್ದಳು.

"ಇರ್ಲಿ ಬಿಡ್ರಿ," ಎಂದಳು. "ಮ್ಯಾಲಿದ್ದೆ ಅಂತನ ಬರ್ಕೋರಿ. ಎಷ್ಟ್ ವರ್ಷದ ಆಸೆ ಅದು. ಅದರ ಕೆಳಗ, ಜಗ್ಗಿದಾಕಿ ನಾನು ಅಂತನೂ ಬರೀರಿ."

ಬರೆದಿದ್ದೇನೆ.